ಗಳಗನಾಥದ ಚುಕ್ಕೆ

ಮಳೆ ನಿಂತು ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲಿ ಅವರು ರಾಣೆಬೆನ್ನೂರಿನ ನಮ್ಮ ಕಾಲೇಜಿನ ಅಂಗಳದಲ್ಲಿ, ಸಾಲಾಗಿ ನಿಂತ ಕಾರುಗಳ ನಡುವೆ ಅಡ್ಡಾಡುತ್ತಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದು ಕಾರಿನ ಹತ್ತಿರವೂ ನಿಂತು, ಅದರ ಮೂತಿಯ ಮೇಲೆ ಬಾಗಿ ಏನನ್ನೋ ನೋಡುತ್ತಿದ್ದರು. ಹೊಸದಾಗಿ ಬಂದ ಪ್ರಾಚಾರ್ಯರು ಕಿಟಕಿಯಿಂದ ಇದನ್ನು ಕಂಡು, ಪ್ರಾಣಿಶಾಸ್ತ್ರದ ಈ ಅಧ್ಯಾಪಕರಿಗೆ ಕಾರು ಕೊಳ್ಳುವ ಮನಸ್ಸಾಗಿದೆ ಎಂದುಕೊಂಡಿದ್ದರಂತೆ. ಅವರು ಹುಡುಕುತ್ತಿದ್ದುದು ನೀರುಜೀರುಂಡೆಗಳನ್ನು. ಒಂದು ಕೆರೆಯಿಂದ ಇನ್ನೊಂದಕ್ಕೆ ಹಾರಿಹೋಗುವ ಈ ಹುಳಕ್ಕೆ ಮೇಲಿನಿಂದ ನೋಡುವಾಗ ಕಾರಿನ ಹೊಳೆಯುವ ತಗಡು ನೀರಿನ ಹಾಗೆಯೇ ಕಾಣುತ್ತದೆ. ಟಪ್ಪೆಂದು ಇಳಿದು, ಮುಳುಗಲು ತಲೆ ಬಗ್ಗಿಸಿ, ತಗಡಿಗೆ ಬಡಿದುಕೊಂಡು, ದಿಕ್ಕು ತಪ್ಪಿ ಅಲ್ಲೇ ಗಿರಗಿರ ತಿರುಗುತ್ತದೆ. ಅಂಥವನ್ನು ಅವರು ಎರಡು ಬೆರಳಲ್ಲಿ ಎತ್ತಿ, ಒದ್ದೆ ಹುಲ್ಲು ಹಾಕಿದ ಬಾಟಲಿಯೊಳಗೆ ಇಳಿಸಿ, ಸಂಜೆ ಬಸ್ಸಿಗೆ ಹೋಗುವ ಮುನ್ನ ದೊಡ್ಡಕೆರೆಯ ದಂಡೆಯವರೆಗೆ ನಡೆದು ನೀರಿಗೆ ಬಿಟ್ಟುಬರುತ್ತಿದ್ದರು.

ಅವರು ತೀರಿಕೊಂಡು ಇದು ಎರಡನೆಯ ಮಳೆಗಾಲ. ಈಗಲೂ ಮಳೆ ಹೊಳವಾದ ಕೂಡಲೇ ನನ್ನ ಕಣ್ಣು ತಾನಾಗಿ ನಿಂತ ಕಾರುಗಳ ಕಡೆ ಹೋಗುತ್ತದೆ.

ನಾನು ಆ ಕಾಲೇಜಿನ ಗ್ರಂಥಪಾಲಕಿಯಾಗಿದ್ದೆ. ನನ್ನ ಮನೆ ಹಾವೇರಿಯಲ್ಲಿ, ಅವರದು ಬ್ಯಾಡಗಿಯಲ್ಲಿ. ಬೆಳಗಿನ ಬಸ್ಸಿಗೆ ನಾನು ಹಾವೇರಿಯಲ್ಲಿ ಹತ್ತಿದರೆ, ಅವರು ಟಂಟಂ ಆಟೋದಲ್ಲಿ ಹೆದ್ದಾರಿಗೆ ಬಂದು ಮೋಟೆಬೆನ್ನೂರು ಕ್ರಾಸಿನಲ್ಲಿ ಹತ್ತುತ್ತಿದ್ದರು. ಅವರ ಅಂಗಿಯಿಂದ ಒಣಮೆಣಸಿನಕಾಯಿಯ ಘಾಟು ಬರುತ್ತಿತ್ತು. ಸುಗ್ಗಿಯ ದಿನಗಳಲ್ಲಂತೂ ಅವರು ಪಕ್ಕದಲ್ಲಿ ಬಂದು ಕುಳಿತರೆ ನನಗೆ ಎರಡು ಸೀನು ಖಾತ್ರಿ. ಬ್ಯಾಡಗಿಯವರಿಗೆ ಸೀನು ಬರುವುದಿಲ್ಲ, ಬ್ಯಾಡಗಿಗೆ ಬಂದವರಿಗೆ ಮಾತ್ರ ಬರುತ್ತದೆ ಎಂದು ಅವರು ಗಂಭೀರವಾಗಿ ಹೇಳುತ್ತಿದ್ದರು.

ರಾಣೆಬೆನ್ನೂರು ಬರುವವರೆಗೆ ಅವರು ಆಫ್ರಿಕಾದ ವಿಷಯ ಮಾತಾಡುತ್ತಿದ್ದರು. ಅಲ್ಲಿಗೆ ಎಂದೂ ಹೋದವರಲ್ಲ. ಆದರೆ ಅಲ್ಲಿನ ಸರೋವರಗಳು, ಜೌಗುಗಳು, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳು ಅವರಿಗೆ ಬ್ಯಾಡಗಿಯ ಓಣಿಗಳಷ್ಟೇ ಪರಿಚಿತ. ಅದಕ್ಕೆ ಕಾರಣ ಒಂದೇ ಒಂದು ಜಾತಿಯ ಜೀರುಂಡೆ. ಬೆನ್ನು ಕಪ್ಪು ಹಸಿರು, ಸುತ್ತ ಅರಿಶಿನದ ಅಂಚು, ದೋಣಿಯ ಆಕಾರ. ಆಫ್ರಿಕಾ ಬಿಟ್ಟು ಬೇರೆಲ್ಲೂ ಇಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ಅಲ್ಲಿಯೂ ಅದು ಎಲ್ಲೆಂದರಲ್ಲಿ ಸಿಗುವುದಿಲ್ಲ, ಇಲ್ಲೊಂದು ಜೌಗು, ನೂರಾರು ಮೈಲಿಯಾಚೆ ಇನ್ನೊಂದು ಕೆರೆ. ಒಬ್ಬ ಪಂಡಿತರು ಅದು ಒಂದೇ ಜಾತಿ ಎಂದು ಬರೆದಿದ್ದರೆ, ಇನ್ನೊಬ್ಬರು ಎರಡು ಎಂದಿದ್ದರು. ಮೂರನೆಯವರು ಬಂದು ಎರಡನ್ನೂ ಮತ್ತೆ ಒಂದು ಮಾಡಿದ್ದರು. ಬಸ್ಸಿನಲ್ಲಿ ಅವರು ಈ ಜಗಳವನ್ನು ನನಗೆ ಮನೆಯ ಸುದ್ದಿಯ ಹಾಗೆ ಹೇಳುವರು. ಆ ಹುಳವನ್ನು ಕರೆಯುತ್ತಿದ್ದುದೂ 'ಆಕಿ' ಎಂದೇ. ಆಕಿ ಎಲ್ಲಿಂದ ಎಲ್ಲಿಗೆ ಹಾರಿರಬಹುದು, ನಡುವೆ ಯಾವ ಹೊಂಡದಲ್ಲಿ ತಂಗಿರಬಹುದು ಎನ್ನುತ್ತಾ ಎದುರಿನ ಸೀಟಿನ ಬೆನ್ನ ಮೇಲೆ ಬೆರಳಿನಿಂದ ನಕ್ಷೆ ಬರೆಯುವರು. ಕಿಟಕಿಯಾಚೆ ಗೋವಿನಜೋಳದ ಹೊಲಗಳು ಸರಿಯುತ್ತಿರುತ್ತಿದ್ದವು. ಎಷ್ಟೋ ಸಲ ನಾನು ಅರೆನಿದ್ದೆಯಲ್ಲಿ ಆ ಹಸಿರನ್ನು ಯಾವುದೋ ದೂರದ ಜೌಗಿನ ಜೊಂಡು ಎಂದುಕೊಂಡು, ಕಂಡಕ್ಟರ್ ರಾಣೆಬೆನ್ನೂರು ಎಂದು ಕೂಗಿದಾಗ ಬೆಚ್ಚಿ ಎದ್ದಿದ್ದೇನೆ.

ಪಾಠದಲ್ಲಿ ಅವರು ಹೆಚ್ಚು ಮಾತಿನವರಲ್ಲ. ಗಾಜಿನ ತೊಟ್ಟಿಯಲ್ಲಿ ಒಂದು ಜೀರುಂಡೆ ಬಿಟ್ಟು, ಹತ್ತು ನಿಮಿಷ ಯಾರೂ ಮಾತಾಡದೆ ನೋಡಬೇಕು ಎನ್ನುವರು. ಅದು ಮೇಲೆ ಬಂದು, ಹಿಂಭಾಗವನ್ನು ನೀರಿನಾಚೆ ಚಾಚಿ, ರೆಕ್ಕೆಯ ಕೆಳಗೆ ಗಾಳಿ ತುಂಬಿಕೊಂಡು ಮತ್ತೆ ಇಳಿಯುವುದು. ಕುಪ್ಪೇಲೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಪರೀಕ್ಷೆಯ ದಿನ ಒಳಗೆ ಹೋಗಲಾರದೆ ಬಾಗಿಲಲ್ಲೇ ನಿಂತಿದ್ದಳು. ಅವರು ಹತ್ತಿರ ಹೋಗಿ, "ಒಂದು ಗುಳ್ಳಿ ಉಸಿರು ಕಟಗೊಂಡು ಒಳಗ ಹೋಗವಾ. ಅದು ಮುಗಿಯೂದ್ರಾಗ ಬರದ ಮುಗಿಸಿರ್ತಿ," ಎಂದರು. ಆಕೆ ಈಗ ದಾದಿ. ಯಾವುದೇ ಆಪರೇಷನ್ ಕೋಣೆಗೆ ಹೋಗುವಾಗಲೂ ಆ ಮಾತು ನೆನಪಾಗುತ್ತದೆ ಎಂದು ಈಚೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು.

ಒಂದು ಶುಕ್ರವಾರ ಮಸೀದಿಯಲ್ಲಿ ಕೈಕಾಲು ತೊಳೆಯುವ ತೊಟ್ಟಿಯಲ್ಲಿ ಒಂದು ಜೀರುಂಡೆ ಈಜುತ್ತಿತ್ತಂತೆ. ಅದನ್ನು ನೋಡುತ್ತಾ ಅವರು ತೊಟ್ಟಿಯ ಕಟ್ಟೆಯ ಮೇಲೆಯೇ ಕುಳಿತುಬಿಟ್ಟರು, ಒಳಗೆ ನಮಾಜು ಶುರುವಾಯಿತು. ಆಮೇಲೆ ಹಿರಿಯರೊಬ್ಬರು ಆಕ್ಷೇಪಿಸಿದಾಗ, ಮೇಲಿನವನು ಮಾಡಿದ್ದನ್ನೇ ನೋಡುತ್ತಾ ಕುಳಿತಿದ್ದೆ ಎಂದರಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಹೇಳುವಾಗ ಅರ್ಧ ಕೋಪ, ಅರ್ಧ ನಗೆ.

ಆ ಹೆಂಡತಿಯನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಬ್ಯಾಡಗಿಯ ಉರ್ದು ಶಾಲೆಯ ಶಿಕ್ಷಕಿ. ಗಂಡನ ಜೀರುಂಡೆಗಳಿಗೆಲ್ಲ ಚೀಟಿ ಬರೆಯುತ್ತಿದ್ದವರು ಅವರೇ. ಅಂಗೈಯಗಲದ ಡಬ್ಬಿಯೊಳಗೆ ಥರ್ಮೊಕೋಲು, ಅದರ ಮೇಲೆ ಟಾಚಣಿ ಎಂಬ ಗುಂಡುಸೂಜಿ ಚುಚ್ಚಿದ ಹುಳಗಳ ಸಾಲು, ಪ್ರತಿ ಟಾಚಣಿಗೂ ಕೆಳಗೆ ಉಗುರಿನಷ್ಟು ಅಗಲದ ಕಾಗದ. ಅದರಲ್ಲಿ ಊರು, ದಿನ, ಹಿಡಿದವರ ಹೆಸರು. ಇಷ್ಟನ್ನು ಅಷ್ಟು ಸಣ್ಣ ಜಾಗದಲ್ಲಿ ಆಪಾ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. "ಹುಳದ ಹೆಸರು ಹತ್ತು ವರ್ಷ ಬಿಟ್ಟು ಹುಡುಕಿದ್ರೂ ನಡೀತದ್ರಿ ಅಕ್ಕಾರ. ಎಲ್ಲಿ ಸಿಕ್ತು ಅನ್ನೂದನ್ನ ಮಾತ್ರ ಅವತ್ತ ಬರೀಬೇಕು," ಎಂದು ಗಂಡ ನನಗೆ ಹೇಳುವರು. ಪಕ್ಕದಲ್ಲಿ ಆಪಾ ನಿಬ್ಬು ಒರೆಸುತ್ತಾ, ಅವತ್ತೇ ಬರೀಬೇಕು ಎಂದು ಹೇಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಎಂದು ಚುಚ್ಚುವರು.

ಆಪಾರ ತಮ್ಮನೊಬ್ಬ ಬೋರ್‌ವೆಲ್ ಕೊರೆಯುವ ಯಂತ್ರದ ಜೊತೆ ಟಾಂಜಾನಿಯಾಕ್ಕೆ ಹೋಗಿದ್ದ. ಅವನ ಕ್ಯಾಂಪಿನ ದೀಪಕ್ಕೆ ರಾಶಿ ಹುಳ ಬೀಳುತ್ತಿದ್ದವು. ಭಾವನಿಗಾಗಿ ಅವುಗಳಲ್ಲಿ ದೋಣಿಯಾಕಾರದವನ್ನು ಆರಿಸಿ, ಔಷಧಿಯ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ, ಅಲುಗಾಡದಂತೆ ಹತ್ತಿ ತುರುಕಿ, ಊರಿಗೆ ಬಂದಾಗ ತರುತ್ತಿದ್ದ. ಬೇರೆಯವರ ಭಾವಂದಿರು ಗಡಿಯಾರ ತರಲು ಹೇಳುತ್ತಾರೆ, ತನ್ನ ಭಾವ ಹುಳ ತರಲು ಹೇಳುತ್ತಾರೆ ಎಂದು ಓಣಿಯ ತುಂಬ ಹೇಳಿಕೊಂಡು ನಗುತ್ತಿದ್ದ. ಹಾಗೆ ಬಂದ ಒಂದು ಬಾಟಲಿಯಲ್ಲಿಯೇ ಅವರ 'ಆಕಿ' ಮೊದಲ ಸಲ ಬ್ಯಾಡಗಿಗೆ ಬಂದದ್ದು.

ಆ ವರ್ಷವೇ ಇನ್ನೊಂದು ಸಂಗತಿ ನಡೆಯಿತು. ಗಂಡಹೆಂಡತಿ ರಜೆಯಲ್ಲಿ ಗಳಗನಾಥಕ್ಕೆ ಹೋಗಿ, ವರದೆ ತುಂಗಭದ್ರೆಗೆ ಸೇರುವ ಕಡೆ ದಂಡೆಯ ಮಡುಗಳಲ್ಲಿ ಬಲೆ ಹಾಕಿ ಒಂದಷ್ಟು ಜೀರುಂಡೆ ತಂದಿದ್ದರು. ಕೆಲವು ತಿಂಗಳ ನಂತರ ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ, ಗಳಗನಾಥದ ಚೀಟಿ ಇದ್ದ ಒಂದು ಹುಳ ನಮ್ಮ ನಾಡಿನದಲ್ಲ ಎಂದು ಅವರಿಗೆ ತಿಳಿಯಿತು. ಮೇಲಿನಿಂದ ನೋಡಿದರೆ ನಮ್ಮ ಹೊಳೆಯದೂ ಆಫ್ರಿಕಾದ್ದೂ ಒಂದೇ. ವ್ಯತ್ಯಾಸ ಹೊಟ್ಟೆಯ ಕಡೆಯ ಬಣ್ಣದಲ್ಲಿ, ಗಂಡಿನ ದೇಹದೊಳಗಿನ ಕೂದಲೆಳೆಯಂಥ ಒಂದು ಅಂಗದ ಬಾಗಿನಲ್ಲಿ. ಮರುದಿನ ಬಸ್ಸು ಹತ್ತಿದವರು ನನ್ನ ಪಕ್ಕ ಕುಳಿತು, ಎದುರಿನ ಸೀಟಿನ ಬೆನ್ನ ಮೇಲೆ ಬೆರಳಿನಿಂದ ಒಂದು ಚುಕ್ಕೆ ಇಟ್ಟರು. ಆಮೇಲೆ ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ ಮೆಲ್ಲಗೆ, "ಆಕಿ ಇಲ್ಲೂ ಅದಾಳ್ರಿ," ಎಂದರು.

ಒಂದು ಸಣ್ಣ ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬಂತು. ಸಣ್ಣದಾದರೂ ಅದನ್ನು ದೂರದೂರದವರು ಓದಿದರು. ಆಮೇಲೆ ಬಂದ ದೊಡ್ಡ ಗ್ರಂಥವೊಂದರಲ್ಲಿ ಆ ಹುಳದ ನಕ್ಷೆ ಅಚ್ಚಾದಾಗ, ಆಫ್ರಿಕಾದ ಚುಕ್ಕೆಗಳೆಲ್ಲ ಒಂದು ಕಡೆ, ಸಮುದ್ರ ದಾಟಿ ನಮ್ಮ ಗಳಗನಾಥದ ಒಂದೇ ಒಂದು ಚುಕ್ಕೆ ಇನ್ನೊಂದು ಕಡೆ ಇತ್ತು. ಆ ಪುಟದ ಪ್ರತಿಯನ್ನು ನಾನೇ ಗ್ರಂಥಾಲಯದ ಗೋಡೆಗೆ ಹಚ್ಚಿದೆ. ಅವರ ನಿವೃತ್ತಿಯ ಸಮಾರಂಭದಲ್ಲಿ ಮಾತಾಡಿದವರೆಲ್ಲ ಆ ಚುಕ್ಕೆಯ ಬಗ್ಗೆಯೇ ಮಾತಾಡಿದರು. ಒಬ್ಬ ಅಧ್ಯಾಪಕನ ಜೀವಮಾನಕ್ಕೆ ಅದೊಂದು ಸಾಕಲ್ಲವೇ ಎಂದು ನನಗೂ ಅನ್ನಿಸಿತ್ತು.

ಅವರಿಗೆ ಮಾತ್ರ ಅದು ಸಾಕಾಗಿರಲಿಲ್ಲ. ಒಂದು ಸಿಕ್ಕಿದೆ ಎಂದರೆ ಇನ್ನೊಂದು ಇರಲೇಬೇಕು ಎಂದು ವರ್ಷವರ್ಷವೂ ಗಳಗನಾಥಕ್ಕೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮಳೆಗಾಲ ಕಳೆದು ನೀರು ತಿಳಿಯಾಗುತ್ತಿದ್ದ ಸಮಯ. ಒಂದು ಹೊಳೆಯ ನೀರು ಇನ್ನೂ ಕೆಮ್ಮಣ್ಣಿನ ಬಣ್ಣ, ಇನ್ನೊಂದರದು ಹಸಿರು. ಎರಡೂ ಸೇರಿದ ಮೇಲೂ ಸ್ವಲ್ಪ ದೂರ ಅಕ್ಕಪಕ್ಕದಲ್ಲಿಯೇ ಹರಿದು, ಎಲ್ಲಿ ಒಂದಾದವು ಎಂದು ಕಣ್ಣಿಗೆ ತಿಳಿಯದ ಹಾಗೆ ಒಂದಾಗುತ್ತಿದ್ದವು. ಅವರು ಪಾಯಿಜಾಮ ಮೇಲೆತ್ತಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಬಲೆ ಹಿಡಿದು ಅಲುಗದೆ ನಿಂತಿದ್ದರು. ನೀರಿನ ಬೆಳಕು ಅವರ ಗಡ್ಡದ ಮೇಲೆ ಕುಣಿಯುತ್ತಿತ್ತು. ದಂಡೆಯ ಗುಡಿಯ ಮೆಟ್ಟಿಲ ಮೇಲೆ ಆಪಾ ಕಾಲು ಚಾಚಿ, ಖಾಲಿ ಚೀಟಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಗುಡಿಯ ನೆರಳು ನಿಧಾನಕ್ಕೆ ನಮ್ಮ ಕಡೆ ಸರಿಯಿತು. ಆ ಮಧ್ಯಾಹ್ನ ಎಷ್ಟು ಹೊತ್ತು ಇತ್ತು ಎಂದು ಈಗ ಹೇಳಲಾರೆ. ಹಿಂತಿರುಗುವಾಗ ಬಾಟಲಿಯಲ್ಲಿ ನಮ್ಮ ಹೊಳೆಯ ಮಾಮೂಲು ಜೀರುಂಡೆಗಳಷ್ಟೇ ಇದ್ದವು. ಆಪಾ ಅವಕ್ಕೂ ಅಷ್ಟೇ ಅಚ್ಚುಕಟ್ಟಾಗಿ ಚೀಟಿ ಬರೆದರು.

ಗಂಡನ ನಿವೃತ್ತಿಯ ಮರುವರ್ಷ ಆಪಾ ತೀರಿಕೊಂಡರು. ಮೂರು ವಾರದ ಕಾಯಿಲೆ. ಒಂಟಿಯಾದ ಅವರನ್ನು ಮಗಳು ಹಾವೇರಿಗೆ ತನ್ನ ಮನೆಗೆ ಕರೆತಂದಳು. ನಮ್ಮ ಮನೆಯಿಂದ ಎರಡು ಓಣಿ ಆಚೆ. ಬಟ್ಟೆಬರೆಗಿಂತ ಹೆಚ್ಚಾಗಿ ಜೀರುಂಡೆಯ ಡಬ್ಬಿಗಳೇ ಬಂದವು. ನಾನೂ ಅಷ್ಟರಲ್ಲಿ ನಿವೃತ್ತಳಾಗಿದ್ದೆ. ಅವರ ಕಣ್ಣು ಮಂಜಾಗಿದ್ದರಿಂದ ಪತ್ರಗಳನ್ನು ಓದಿ ಹೇಳುವುದು, ಉತ್ತರ ಟೈಪು ಮಾಡುವುದು ನನ್ನ ಕೆಲಸವಾಯಿತು.

ಒಂದು ದಿನ ಆಫ್ರಿಕಾದ ವಿಶ್ವವಿದ್ಯಾಲಯವೊಂದರಿಂದ ಇಮೇಲ್ ಬಂತು. ಬರೆದಾಕೆ ಅಲ್ಲಿನ ಸಂಶೋಧಕಿ. ಆ ಒಂದು ಜಾತಿಯನ್ನೇ ಹಿಡಿದು, ಎಲ್ಲ ದೇಶಗಳ ಹಳೆಯ ಹುಳಗಳನ್ನು ತರಿಸಿ ನೋಡುತ್ತಿದ್ದಳು. ಒಂದೇ ಹೆಸರಿನಡಿ ಎರಡು ಜಾತಿ ಸೇರಿಕೊಂಡಿವೆ ಎಂದು ಅವಳಿಗೆ ಖಚಿತವಾಗಿತ್ತು. ಗಳಗನಾಥದ ಹುಳವನ್ನೂ ಕಳಿಸಿಕೊಡುವಿರಾ ಎಂದು ಕೇಳಿದ್ದಳು. ಅಷ್ಟು ದೂರದಲ್ಲಿ ಒಂಟಿಯಾಗಿರುವ ಹುಳ ಬಹುಶಃ ಮೂರನೆಯದೇ ಜಾತಿಯಾಗಿರಬಹುದು, ಹಾಗಿದ್ದರೆ ಅದಕ್ಕೆ ಹೊಸ ಹೆಸರು ಬೇಕು, ನೀವು ಏನು ಹೆಸರು ಸೂಚಿಸುತ್ತೀರಿ ಎಂದೂ ಬರೆದಿದ್ದಳು.

ನಾನು ಓದಿ ಮುಗಿಸುವ ಮೊದಲೇ ಅವರು ಆಪಾರ ಹೆಸರು ಹೇಳಿದರು. ಆ ದಿನ ಅವರು ಎರಡು ಸಲ ಚಹಾ ಕೇಳಿದರು, ಮಗಳನ್ನು ಕರೆದು ಪತ್ರವನ್ನು ಮತ್ತೆ ಓದಿಸಿದರು. ಹುಳದ ಹೆಸರಿನ ಕೊನೆಯಲ್ಲಿ ಆಪಾರ ಹೆಸರು ಲ್ಯಾಟಿನ್ನಿನಲ್ಲಿ ಯಾವ ರೂಪ ತಾಳುತ್ತದೆ ಎಂದು ಬಾಯಲ್ಲೇ ಹೇಳಿ ಹೇಳಿ ನೋಡಿದರು.

ಕಳಿಸುವ ಮುನ್ನ ಹುಳವನ್ನು ಒಮ್ಮೆ ಚೊಕ್ಕ ಮಾಡೋಣವೆಂದು ಭೂತಗನ್ನಡಿಯ ಕೆಳಗೆ ಇಟ್ಟಾಗ, ಅದರ ಹಿಂಗಾಲಿನ ಈಜುಕೂದಲಿನಲ್ಲಿ ಒಂದು ಬಿಳಿಯ ಎಳೆ ಕಂಡಿತು. ಎರಡು ದಿನ ಅವರು ನನ್ನನ್ನು ಕರೆಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಂದು ಸಣ್ಣ ಡಬ್ಬಿ ಹಿಡಿದು ತಾವೇ ನಮ್ಮ ಮನೆಗೆ ಬಂದರು. ಕುಳಿತು, ಮುಚ್ಚಳ ತೆಗೆದು, ಅಕ್ಕಪಕ್ಕ ಚುಚ್ಚಿದ ಎರಡು ಹುಳಗಳನ್ನು ತೋರಿಸಿದರು.

"ಇದಕ್ಕ ಗಳಗನಾಥದ ಚೀಟಿ ಐತಿ, ಹುಳ ಆಫ್ರಿಕಾದ್ದು. ಇದಕ್ಕ ಆಫ್ರಿಕಾದ ಚೀಟಿ ಐತಿ, ಹುಳ ನಮ್ಮ ಹೊಳೀದು," ಎಂದರು.

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಆ ಬಿಳಿಯ ಎಳೆ ಹತ್ತಿಯದು. ಗಳಗನಾಥದ ಹುಳಗಳನ್ನು ಅವರು ಒದ್ದೆ ಹುಲ್ಲಿನಲ್ಲಿ ತಂದಿದ್ದರು, ಹತ್ತಿಯಲ್ಲಲ್ಲ. ಹತ್ತಿ ಇದ್ದದ್ದು ಆಪಾರ ತಮ್ಮನ ಬಾಟಲಿಯಲ್ಲಿ. ಅನುಮಾನ ಬಂದು ಆಫ್ರಿಕಾದ ಡಬ್ಬಿಯನ್ನು ತೆಗೆದು ಒಂದೊಂದನ್ನೂ ಮಗುಚಿ ನೋಡಿದರೆ, ಅವುಗಳ ನಡುವೆ ನಮ್ಮ ಕಡೆಯದೊಂದು ಕುಳಿತಿತ್ತು. ಇಷ್ಟು ವರ್ಷ ಅವನ್ನು ಮಗುಚಿ ನೋಡಿರಲಿಲ್ಲ. ಆಫ್ರಿಕಾದಿಂದ ಬಂದವು ಆಫ್ರಿಕಾದವೇ ತಾನೇ ಎಂದುಕೊಂಡಿದ್ದರು. ಗಳಗನಾಥದಿಂದ ಇವರು ಮರಳಿದ ದಿನವೇ ಆಪಾರ ತಮ್ಮನೂ ಊರಿಗೆ ಬಂದಿದ್ದ. ಎರಡು ವರ್ಷದ ಮೇಲೆ ಬಂದ ತಮ್ಮ. ಆ ಸಂಜೆ ಅವನು ಮಾತಾಡುತ್ತಾ ಕುಳಿತಿದ್ದಾಗ, ಆಪಾ ಎರಡೂ ಕಡೆಯ ಹುಳಗಳನ್ನು ಒಂದೇ ಥರ್ಮೊಕೋಲಿನ ಮೇಲೆ ಚುಚ್ಚಿ ಚೀಟಿ ಹಾಕಿದ್ದರು.

"ಖುಷಿಯೊಳಗಿದ್ಲರಿ ಆಕಿ," ಎಂದರು. "ಎರಡು ಚೀಟಿ ಅದಲುಬದಲು ಆಗ್ಯಾವ, ಅಷ್ಟ."

ನಾನು ಆಗ ಆಡಿದ ಮಾತಿಗೆ ಈಗಲೂ ನನಗೆ ನಾಚಿಕೆಯಿಲ್ಲ. ಇದರಿಂದ ಯಾರಿಗೆ ಏನು ತ್ರಾಸಾಗಿದೆ, ಹುಳ ಕಳಿಸಬೇಡಿ, ಕಳೆದುಹೋಯಿತು ಎಂದು ಬರೆಯೋಣ, ಚುಕ್ಕೆ ಇದ್ದಲ್ಲಿಯೇ ಇರಲಿ ಎಂದೆ. ಅವರು ಬೇಸರಪಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಹಾಕಿದರು.

"ಇಲ್ಲದಾಕಿನ್ನ ಇದ್ದಾಳ ಅಂತ ಬರದೇನ್ರಿ ಅಕ್ಕಾರ. ನಾಳೆ ಯಾರೋ ನನ್ಹಂಗ ಆ ನೀರಾಗ ನಿಂತು ವರ್ಷಗಟ್ಟಲೆ ಹುಡುಕ್ತಾರ," ಎಂದರು.

ಅಂದೇ ಉತ್ತರ ಬರೆಸಿದರು. ನನ್ನ ಲೇಖನ ತಪ್ಪು, ಗಳಗನಾಥದಲ್ಲಿ ಈ ಜಾತಿ ಇಲ್ಲ, ಚೀಟಿಗಳು ಅದಲುಬದಲಾಗಿವೆ, ಎರಡೂ ಹುಳಗಳನ್ನು ಕಳಿಸುತ್ತಿದ್ದೇನೆ ಎಂದು. ಹೆಸರಿನ ಮಾತನ್ನು ಎತ್ತಲೇ ಇಲ್ಲ. ವಾರದೊಳಗೆ ಅವಳ ಉತ್ತರ ಬಂತು. ಧನ್ಯವಾದ ಹೇಳಿ, ಒಂದು ಪ್ರಶ್ನೆ ಕೇಳಿದ್ದಳು. ಆ ಚೀಟಿಗಳನ್ನು ಬರೆದವರು ಯಾರು? ಲೇಖನದಲ್ಲಿ ತಿದ್ದುಪಡಿ ಬರೆಯುವಾಗ, ತಪ್ಪು ಎಲ್ಲಿ ಹೇಗೆ ಆಯಿತೆಂದು ದಾಖಲಿಸುವುದು ಅವರ ಶಾಸ್ತ್ರದ ಪದ್ಧತಿ.

ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು, ನಾನು ಟೈಪು ಮಾಡತೊಡಗಿದೆ. ಚೀಟಿಗಳನ್ನು ಬರೆದವನೂ ಚುಚ್ಚಿದವನೂ ನಾನೇ. ತಪ್ಪು ಪೂರ್ತಿಯಾಗಿ ನನ್ನದು ಎಂದರು. ನನ್ನ ಬೆರಳು ನಿಂತವು. ಎಲ್ಲಿ ಸಿಕ್ಕಿತೆಂದು ಅವತ್ತೇ ಬರೆಯಬೇಕೆನ್ನುತ್ತಿದ್ದ ಮನುಷ್ಯ. ನಾನು ಅವರ ಮುಖ ನೋಡಿದೆ.

"ಬರೀರಿ," ಎಂದರು. ನಾನು ಬರೆಯಲಿಲ್ಲ. ಆಗ ಅವರು ಹೇಳಿದ್ದು ಇದು: "ಮೂವತ್ತು ವರ್ಷ ಚೀಟಿ ಮ್ಯಾಲ ಆಕಿ ನನ್ನ ಹೆಸರು ಬರದಾಳ್ರಿ. ಆ ಹುಳಗೊಳು ಎಷ್ಟೋ ಆಕೀನ ಹಿಡದದ್ದಿದ್ವು. ಒಂದಕ್ಕೂ ತನ್ನ ಹೆಸರು ಬರಕೊಳ್ಳಲಿಲ್ಲ. ಈಗ ತಪ್ಪಿನಾಗ ಯಾಕ ಬರಬೇಕು ಆಕಿ ಹೆಸರು?"

ನಾನು ಬರೆದೆ.

ಹುಳಗಳನ್ನು ಕಟ್ಟುವ ದಿನ ನಾನೂ ಹತ್ತಿರ ಕುಳಿತಿದ್ದೆ. ತಪ್ಪು ಚೀಟಿಗಳನ್ನು ಕಿತ್ತು ಹಾಕುತ್ತಾರೆಂದು ತಿಳಿದಿದ್ದೆ. ಹಾಗೆ ಮಾಡುವಂತಿಲ್ಲವಂತೆ. ಹಳೆಯ ಚೀಟಿ ಎಷ್ಟೇ ತಪ್ಪಿದ್ದರೂ ಅದೇ ಟಾಚಣಿಯಲ್ಲಿ ಇರಬೇಕು, ಸರಿಯಾದದ್ದನ್ನು ಅದರ ಕೆಳಗೆ ಸೇರಿಸಬೇಕು. ಅವರು ಭೂತಗನ್ನಡಿ ಹಿಡಿದು ಎರಡು ಹೊಸ ಚೀಟಿ ಬರೆದು, ಆಪಾರ ಅಕ್ಷರಗಳ ಕೆಳಗೆ ಚುಚ್ಚಿದರು. ಟಾಚಣಿ ಕಾಗದದೊಳಗೆ ಇಳಿಯುವಾಗ ಉಸಿರು ಬಿಗಿಹಿಡಿದಿದ್ದರು.

ಆ ಸಂಶೋಧಕಿಯ ಲೇಖನ ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ನಾಲ್ಕು ತಿಂಗಳ ಮೇಲೆ. ಒಂದು ಪ್ರತಿ ತೆಗೆದುಕೊಂಡು ಅವರ ಮಗಳ ಮನೆಗೆ ಹೋದೆ. ಒಂದೇ ಎನಿಸಿದ್ದ ಜಾತಿ ಈಗ ಎರಡಾಗಿತ್ತು. ಎರಡಕ್ಕೂ ಬೇರೆಬೇರೆ ನಕ್ಷೆ. ಹಿಂದೂಸ್ಥಾನ ಎರಡರಲ್ಲೂ ಖಾಲಿ. ಟಾಂಜಾನಿಯಾದಲ್ಲಿ ಮಾತ್ರ ಹಿಂದೆ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಹೊಸ ಚುಕ್ಕೆ ಕುಳಿತಿತ್ತು. ಹಿಡಿದವರು ಎಂಬಲ್ಲಿ ಬೋರ್‌ವೆಲ್ ಕೊರೆಯಲು ಹೋಗಿದ್ದ ಸೋದರಮಾವನ ಹೆಸರು ಕಂಡು ಮಗಳು ನಕ್ಕಳು. ಮುಂದಿನ ಪುಟದಲ್ಲಿ ಆ ವಾಕ್ಯ ಇತ್ತು. ಸಂಗ್ರಾಹಕರೇ ತಿಳಿಸಿರುವಂತೆ ಚೀಟಿಗಳನ್ನು ಬರೆದವರು ಅವರೇ. ಪಕ್ಕದಲ್ಲಿ ಒಂದೇ ಟಾಚಣಿಯ ಹಳೆಯ, ಹೊಸ ಚೀಟಿಗಳೆರಡರ ಫೋಟೋ.

ಅವಳು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮೇಲಿನದು ತಾಯಿಯ ಮುತ್ತಿನಂಥ ಸಾಲು. ಕೆಳಗಿನದು ಮಳೆಯಲ್ಲಿ ನೆನೆದ ಇರುವೆಗಳ ಹಾಗೆ ದಿಕ್ಕಾಪಾಲಾದ ತಂದೆಯ ಅಕ್ಷರ.

"ಇಷ್ಟ ಕಣ್ಣಿಗೆ ಹೊಡೆಯೂಹಂಗ ಸುಳ್ಳು ಹೇಳ್ಯಾನ ನೋಡ್ರಿ ನಮ್ಮ ಅಬ್ಬಾ," ಎಂದಳು. ಬಹಳ ಹೊತ್ತು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಬ್ಬಾನ ಬಗ್ಗೆ ಏನಾದರೂ ಬರೆಯಲೇ ಎಂದು ಹೊರಡುವಾಗ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಬರೆಯಿರಿ, ಅಮ್ಮಿಯದೂ ಬರೆಯಿರಿ, ಹೆಸರುಗಳನ್ನು ಮಾತ್ರ ಬಿಡಿ ಎಂದಳು. ಆಮೇಲೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವಳು ಅಲ್ಲಿಯೇ ನಿಂತು, ಲೇಖನದ ಆ ಪುಟವನ್ನು ಮತ್ತೆ ಬೆಳಕಿಗೆ ಹಿಡಿದಳು. ನಾನು ಓಣಿಯ ತಿರುವು ದಾಟುವಾಗ ಹೊರಳಿ ನೋಡಿದೆ. ಅವಳು ಇನ್ನೂ ಓದುತ್ತಿದ್ದಳು.